ಅಳಿಲು ಕಳಿಸಿದ್ದು

ಚಮಚ ಇನ್ನೂ ತುಟಿ ಮುಟ್ಟಿರಲಿಲ್ಲ, ಅಷ್ಟರಲ್ಲೇ ಅಮ್ಮನ ಎಡಗೈ ಮಾತಾಡುವ ಹಲಗೆಯ ಮೇಲೆ ಹೋಗಿ ಒಂದು ಚೌಕವನ್ನು ಒತ್ತಿತು, ಹಲಗೆ ಯಾರೋ ಹೆಂಗಸಿನ ಸ್ವರದಲ್ಲಿ "ಸಾಕು" ಎಂದಿತು. ಅವನ ಹೆಂಡತಿ ನಕ್ಕು, ಇನ್ನೂ ಶುರುವೇ ಮಾಡಿಲ್ಲವಲ್ಲ ಅತ್ತೆ ಎಂದು ಗಂಜಿಯನ್ನು ಮತ್ತೆ ಮುಂದೆ ಹಿಡಿದಳು. ಷೂ ಹಾಕಿಕೊಳ್ಳುತ್ತಿದ್ದ ಅವನು ಲೇಸು ಕಟ್ಟುವುದನ್ನು ಬಿಟ್ಟು ತಲೆ ಎತ್ತಿದ. ಅಂಥದೊಂದು ಚೌಕ ಹಲಗೆಯಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ನಗೆಪಾಟಲು, ಏಕೆಂದರೆ ಅವನ ಕೈ ದಾಟದೆ ಅದರೊಳಗೆ ಒಂದು ಚುಕ್ಕೆಯೂ ಹೋಗುವಂತಿಲ್ಲ. ಬಲಭಾಗದ ಸ್ವಾಧೀನ ತಪ್ಪಿ ಮಾತು ನಿಂತುಹೋದ ಅಮ್ಮನಿಗಾಗಿ ಅವನೂ ಅಕ್ಕನ ಗಂಡನೂ ಸೇರಿ ಮಾಡಿದ್ದು ಅದು: ಪರದೆಯ ತುಂಬ ಚಿತ್ರವಿರುವ ಚೌಕಗಳು, ಒತ್ತಿದರೆ ಚೌಕ ಮಾತಾಡುತ್ತದೆ. ಆಮೇಲೆ ಭಾವನ ಒತ್ತಾಯಕ್ಕೆ ಅದನ್ನು ಓಪನ್ ಸೋರ್ಸ್ ಎಂದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಯಾರು ಬೇಕಾದರೂ ಹೊಸ ಚೌಕ ಮಾಡಿ, ತಮ್ಮ ಸ್ವರದಲ್ಲೇ ಮಾತು ತುಂಬಿ ಕಳಿಸಬಹುದು. ಅವನು ನೋಡಿ ಒಪ್ಪಿದರೆ ಅದು ಎಲ್ಲರ ಹಲಗೆಗೂ ಸೇರುತ್ತದೆ. ಹೀಗಾಗಿ ಅಮ್ಮ ಹಸಿವಾದರೆ ಅಕ್ಕನ ಸ್ವರದಲ್ಲಿ ಹೇಳುತ್ತಾಳೆ, ಕಿಟಕಿ ತೆಗೆಯಿರಿ ಎಂದು ಗುರುತಿಲ್ಲದ ಗಂಡಸೊಬ್ಬನ ಗಡಸು ದನಿಯಲ್ಲಿ ಗದರುತ್ತಾಳೆ, ನೀರು ಕೇಳುವಾಗ ಇನ್ನಾರೋ ಹೆಂಗಸಾಗುತ್ತಾಳೆ. ಈಗ ಸಾಕು ಎಂದದ್ದು ನೀರು ಕೇಳುವ ಸ್ವರವೇ. ಅಮ್ಮ ಅದನ್ನು ಮತ್ತೊಮ್ಮೆ ಒತ್ತಿದಳು, ಈ ಸಲ ಅವನನ್ನೇ ನೋಡಿಕೊಂಡು.

ಬಸ್ಸಿಗೆ ಕಾಯುತ್ತ ಫೋನಿನಲ್ಲಿ ಹುಡುಕಿದ. ಕಳಿಸಿದ್ದು ಅಳಿಲು. ಅಲ್ಲಿ ಎಲ್ಲರೂ ತಮಗೆ ತೋಚಿದ ಹೆಸರಿಟ್ಟುಕೊಂಡಿರುತ್ತಾರೆ. ತನ್ನದೇನಿದ್ದರೂ ಅಳಿಲು ಸೇವೆ ಎಂಬ ವಿನಯಕ್ಕೆ ಈಕೆ ಹಾಗೆ ಇಟ್ಟುಕೊಂಡಿರಬೇಕು ಎಂದು ಭಾವ ಒಮ್ಮೆ ಹೇಳಿದ್ದರು. ನಿನ್ನೆ ಬಂದದ್ದು, ನಿನ್ನೆಯೇ ಅವನು ಒಪ್ಪಿದ್ದು. ಎತ್ತಿ ಹಿಡಿದ ಅಂಗೈಯ ಚಿತ್ರ, ಅಳತೆ ಸರಿ, ಸ್ವರದಲ್ಲಿ ಗೊರಗೊರ ಇಲ್ಲ, ಅವನು ನೋಡಿದ್ದು ಅಷ್ಟೇ. ಅದರ ಕೆಳಗೆ, ಈ ಚೌಕ ಯಾಕೆ ಬೇಕು ಎಂದು ಕಳಿಸುವವರು ವಿವರಣೆ ಬರೆಯುವ ಜಾಗದಲ್ಲಿ, ಒಂದೆರಡು ಸಾಲು ಇತ್ತು. ಇದು ನನ್ನ ಕೊನೆಯದು. ಇನ್ನು ಕಳಿಸುವ ಅಗತ್ಯ ಬೀಳುವುದಿಲ್ಲ. ನನಗೂ ಇಲ್ಲಿಗೆ ಸಾಕು. ಅದಕ್ಕೆ ಅವನ ಹೆಸರಿನಲ್ಲಿ ಉತ್ತರ ಹೋಗಿತ್ತು: ಬಹಳ ಸಂತೋಷವಾಯಿತು, ಅಳಿಲು ಅವರೇ! ನಿಮ್ಮಿಂದ ಇಂಥವು ಇನ್ನಷ್ಟು ಬರಲಿ. ಬಸ್ಸು ಬಂತು, ಹತ್ತುವವರು ಹತ್ತಿದರು, ಬಸ್ಸು ಹೋಯಿತು. ಆ ಉತ್ತರವನ್ನು ಅವನು ಬರೆದಿರಲಿಲ್ಲ.

ಬರೆದದ್ದು ಯಂತ್ರ. ಅವನೇ ಮಾಡಿ, ಭಾವನಿಗೂ ಹೇಳದೆ ಹಚ್ಚಿಟ್ಟ ಒಂದು ಪುಟ್ಟ ಪ್ರೋಗ್ರಾಮು. ಮೊದಮೊದಲು ಚೌಕ ಕಳಿಸಿದವರಿಗೆ ಅವನು ಸರಿ ಎಂದೋ ತಪ್ಪು ಎಂದೋ ಒಂದು ಗುರುತು ಹಾಕಿ ಸುಮ್ಮನಾಗುತ್ತಿದ್ದ. ಒಬ್ಬೊಬ್ಬರೇ ಮುನಿಸಿಕೊಂಡು ಹೋದರು. ಬಂದವರಿಗೆ ಒಂದು ಒಳ್ಳೇ ಮಾತು ಆಡಿದರೆ ನಿನ್ನ ಗಂಟೇನು ಹೋಗುತ್ತೆ ಎಂದು ಭಾವ ಬೈದಿದ್ದರು. ಗಂಟು ಹೋಗುತ್ತದೆಂದಲ್ಲ, ಅವನಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಮದುವೆ ಮನೆಯಲ್ಲಿ ಗಂಡುಹೆಣ್ಣಿನ ಮುಂದೆ ನಿಂತು ಫ್ಯಾನಿನ ಬಗ್ಗೆ ಏನೋ ಹೇಳಿ ಇಳಿದು ಬರುವ ಜಾತಿ ಅವನದು. ಮೆಚ್ಚಿಗೆ ಹೇಳಲು ಹೊರಟರೆ ಎದುರಿನವರು ಅವನ ಅಂಗಿಯ ಒಳಗನ್ನೇ ನೋಡಿಬಿಡುತ್ತಾರೆ ಎಂಬಂತೆ ಮೈ ಮುದುಡುತ್ತದೆ. ಹಾಗಾಗಿ ಒಂದು ಭಾನುವಾರ ಕೂತು, ಲೋಕದಲ್ಲಿ ಇರಬಹುದಾದ ಒಳ್ಳೆಯ ಮಾತನ್ನೆಲ್ಲ ಒಟ್ಟಿಗೆ ಬರೆದು ಯಂತ್ರಕ್ಕೆ ವಹಿಸಿದ. ಚೌಕ ಬಂದ ಕೂಡಲೇ ಉತ್ತರ ಹೋದರೆ ಅನುಮಾನ ಬರುತ್ತದೆಂದು, ಊಟ ಮುಗಿಸಿ ಬಂದು ಬರೆದವನ ಹಾಗೆ ಅದು ಸ್ವಲ್ಪ ಹೊತ್ತು ಕಾಯುವಂತೆ ಮಾಡಿದ. ರಜಾದಿನ ಇನ್ನೂ ನಿಧಾನ. ಒಮ್ಮೆ ಬಳಸಿದ ಮಾತನ್ನು ಅದೇ ಮನುಷ್ಯನಿಗೆ ಬೇಗ ಮತ್ತೆ ಬಳಸಬಾರದು. ಈ ಜಾಣತನಕ್ಕೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಚೌಕಗಳು ಬಂದವು, ಜನ ಬಂದರು, ಹೋದವರಲ್ಲಿ ಕೆಲವರು ಮರಳಿದರು. ಹಲಗೆ ಬಳಸುವವರೂ ಕಟ್ಟುವವರೂ ಸೇರಿದ ಒಂದು ಸಭೆಯಲ್ಲಿ ಭಾವ ಅವನನ್ನು ವೇದಿಕೆಗೆ ಎಳೆದು, ನನ್ನ ಬಾಮೈದ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಿದವನಲ್ಲ ಎಂದಾಗ ಚಪ್ಪಾಳೆ ಬಿದ್ದಿತ್ತು, ಮತ್ತು ಜನರನ್ನು ಹುರಿದುಂಬಿಸುವುದು ಹೇಗೆ ಎಂಬ ಬಗ್ಗೆ ಅವನು ನಾಲ್ಕು ಮಾತು ಆಡಿದ್ದ. ಊಟದ ಸಾಲಿನಲ್ಲಿ ಒಬ್ಬಾತ ಅವನ ಕೈ ಹಿಡಿದುಕೊಂಡು, ನಮ್ಮಪ್ಪ ಒಂದು ದಿನ ಭೇಷ್ ಅನ್ನಲಿಲ್ಲ, ನೀವು ಅಂದಿರಿ ಎಂದಿದ್ದ. ಕೈ ಬಿಡಿಸಿಕೊಳ್ಳಲು ತಟ್ಟೆಯ ನೆಪ ಸಿಕ್ಕಿತ್ತು.

ಪ್ರೆಸ್ಸಿನಲ್ಲಿ ಅವನ ಮೇಜು ಮೆಷಿನ್ ಹಾಲಿಗೂ ಗೋದಾಮಿಗೂ ನಡುವೆ, ಗಾಜಿನ ಒಂದು ಗೂಡು. ಔಷಧಿಯ ಪೆಟ್ಟಿಗೆಯೊಳಗೆ ಮಡಿಸಿ ಇಡುವ ತೆಳ್ಳಗಿನ ಕಾಗದ ಅಲ್ಲಿ ಅಚ್ಚಾಗುತ್ತದೆ, ಅಚ್ಚಾಗುವ ಮೊದಲು ಒಂದು ಹಾಳೆ ಅವನ ಮುಂದೆ ಬರುತ್ತದೆ. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರ. ಭೂತಗನ್ನಡಿ ಹಿಡಿದು ಮೂಲದ ಜೊತೆ ತಾಳೆ ನೋಡಿ ಸಹಿ ಹಾಕುವುದು ಕೆಲಸ. ಸೇರಿದ ಹೊಸದರಲ್ಲಿ ಹಿರಿಯನೊಬ್ಬ ಕಲಿಸಿಕೊಟ್ಟಿದ್ದ: ಓದಬಾರದು, ನೋಡಬೇಕು. ಓದಿದರೆ ಅರ್ಥದ ಓಟಕ್ಕೆ ಸಿಕ್ಕಿ ಕಣ್ಣು ತಪ್ಪನ್ನು ದಾಟಿಬಿಡುತ್ತದೆ. ಹಾಗೆಂದು ಇಷ್ಟು ವರ್ಷ ಅಕ್ಷರಗಳನ್ನು ಇರುವೆಗಳಂತೆ ನೋಡುತ್ತ ಬಂದ, ಒಂದು ತಪ್ಪೂ ಅವನನ್ನು ದಾಟಿ ಹೋಗಿಲ್ಲ ಎಂಬ ಹೆಸರು ಇದೆ. ಇವತ್ತು ಹಾಳೆ ಮುಂದಿಟ್ಟುಕೊಂಡರೆ ಅಕ್ಷರಗಳು ಸೇರಿ ಮಾತಾಗತೊಡಗಿದವು. ನಿದ್ರೆ ಬಾರದಿರುವಿಕೆ. ಕಾರಣವಿಲ್ಲದ ದುಃಖ. ಅಪರೂಪಕ್ಕೆ, ಜೀವದ ಮೇಲೆ ಜಿಗುಪ್ಸೆ. ಹಾಗೆ ಕಂಡುಬಂದಲ್ಲಿ ಕೂಡಲೇ ಹತ್ತಿರದವರಿಗೆ ತಿಳಿಸುವುದು. ಅವನು ಭೂತಗನ್ನಡಿ ಕೆಳಗಿಟ್ಟ. ಅಳಿಲು ತಿಳಿಸಿತ್ತು. ತನಗೆ ಹತ್ತಿರ ಅನ್ನಿಸಿದವರಿಗೇ ತಿಳಿಸಿತ್ತು.

ಮೇಜಿನ ಕೆಳಗೆ ಫೋನು ಹಿಡಿದು ಅಳಿಲು ಕಳಿಸಿದ್ದನ್ನೆಲ್ಲ ಹಿಂದಿನಿಂದ ಓದಿದ. ಓದಿದ, ನೋಡಲಿಲ್ಲ. ನೀರು ಕೊಡಿ ಎಂಬುದು ಮೊದಲ ಚೌಕ, ವಿವರಣೆ ನಾಚಿಕೊಂಡು ಬರೆದ ಒಂದೇ ಸಾಲು. ಆಮೇಲೆ ಸೊಂಟದ ಕೆಳಗೆ ದಿಂಬು: ಇವರು ಇದನ್ನು ಹೇಳಲು ಬೆಳಿಗ್ಗೆಯಿಂದ ಪಾಡುಪಟ್ಟರು, ನನಗೆ ತಿಳಿಯಲಿಲ್ಲ, ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು. ಆಮೇಲೆ ಮಗ್ಗುಲು ಬದಲಿಸಿ, ಬೆಳಕು ಆರಿಸಿ, ಇವತ್ತು ಯಾರನ್ನೂ ಒಳಗೆ ಬಿಡಬೇಡಿ. ನೀವು ಬರೆದದ್ದನ್ನು ಇವರಿಗೆ ಓದಿ ಹೇಳಿದೆ, ನಕ್ಕರು. ಒಂದು ಕಡೆ, ತಪ್ಪು ತಿಳಿಯದಿದ್ದರೆ ಕೇಳುತ್ತೇನೆ, ನಿಮ್ಮ ಮನೆಯಲ್ಲೂ ಇಂಥವರು ಇದ್ದಾರೆಯೇ ಎಂದಿತ್ತು. ಯಂತ್ರ ಅದಕ್ಕೆ, ಒಳ್ಳೆಯ ಕೆಲಸ, ಹೀಗೇ ಮುಂದುವರಿಸಿ ಎಂದಿತ್ತು. ಹೆದರಿಕೆಯಾಗುತ್ತಿದೆ, ಹತ್ತಿರ ಕೂತುಕೋ ಎಂಬ ಚೌಕವೂ ಅಳಿಲಿನದೇ. ಅದನ್ನು ಅಮ್ಮ ವಾರಕ್ಕೊಮ್ಮೆಯಾದರೂ ಒತ್ತುತ್ತಾಳೆ, ಅವನು ಹೋಗಿ ಕೂರುತ್ತಾನೆ, ಕೂತು ಫೋನಿನಲ್ಲಿ ಹೊಸ ಚೌಕಗಳ ಅಳತೆ ನೋಡುತ್ತಾನೆ. ಅದರ ವಿವರಣೆ: ಇದನ್ನು ಇವರು ಕೇಳಲಿಲ್ಲ. ನನಗಾಗಿ ಮಾಡಿಕೊಂಡೆ. ಯಂತ್ರ: ಅದ್ಭುತ!

ಒಮ್ಮೆಗೇ ಇದನ್ನೆಲ್ಲ ಅಳಿಸಿಬಿಡಬೇಕು ಅನ್ನಿಸಿತು. ಹೆಣ್ಣುಮಗಳೊಬ್ಬಳು ಸಾಯುತ್ತೇನೆ ಎಂದು ಬರೆದರೆ ಬಹಳ ಸಂತೋಷ ಎಂದವನು ಇವನು ಎಂದು ಯಾರಾದರೂ ಆ ಪುಟದ ಚಿತ್ರ ತೆಗೆದು ಊರೆಲ್ಲ ಹಂಚಬಹುದು. ಪೊಲೀಸರು ಬರಬಹುದು. ಸಭೆಯಲ್ಲಿ ಕೈ ಹಿಡಿದುಕೊಂಡವನು ಓದಬಹುದು. ಅಳಿಸುವ ಗುರುತಿನ ಮೇಲೆ ಬೆರಳು ಇಟ್ಟಾಗಲೇ ಹೊಳೆದದ್ದು, ತಾನು ಬೆಳಗಿನಿಂದ ಹೆದರುತ್ತಿರುವುದು ಅವಳು ಸತ್ತಿರಬಹುದೆಂದೋ, ಸತ್ತರೆ ತನಗೇನಾಗಬಹುದೆಂದೋ ಎಂಬುದು ತನಗೇ ಗೊತ್ತಿಲ್ಲ ಎಂದು. ಬೆರಳು ತೆಗೆದ. ಗಾಜಿನ ಬಾಗಿಲು ದೂಡಿಕೊಂಡು ಸೂಪರ್‌ವೈಸರ್ ಬಂದು, ಏನ್ರೀ, ಹಾಳೆಗೆ ಇನ್ನೂ ಸಹಿ ಆಗಿಲ್ಲ, ಅಲ್ಲಿ ಮೆಷಿನ್ನು ಬಾಯಿ ತೆರೆದುಕೊಂಡು ನಿಂತಿದೆ ಎಂದ. ಅವನು ಸಹಿ ಹಾಕಲು ಹೋಗಿ, ಇಲ್ಲ, ಪೂರ್ತಿ ನೋಡಿಲ್ಲ ಎಂದ. ಮೂಲ ಸರಿಯಿದೆಯಲ್ಲ, ನೋಡುವುದಕ್ಕೇನಿದೆ ಎಂದು ಸೂಪರ್‌ವೈಸರ್ ಗೊಣಗಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಹಾಳೆಯನ್ನು ಬೇರೆಯವನ ಕೈಗೆ ಕೊಡಲಾಯಿತು. ಗಾಜಿನ ಆಚೆಯಿಂದ ಮೆಷಿನ್ನಿನವರು ಅವನನ್ನು ಹುಷಾರಿಲ್ಲದವನನ್ನು ನೋಡುವಂತೆ ನೋಡಿದರು.

ಊಟದ ಹೊತ್ತಿಗೆ ಹಿಂದಿನ ಮೆಟ್ಟಿಲ ಮೇಲೆ ಕೂತು ಭಾವನಿಗೆ ಫೋನು ಮಾಡಿದ. ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು, ಏಕೆಂದರೆ ಅಳಿಲಿನ ವಿಷಯ ಹೇಳಬೇಕಾದರೆ ಯಂತ್ರದ ವಿಷಯ ಹೇಳಬೇಕು. ಭಾವ ಬಿದ್ದು ಬಿದ್ದು ನಕ್ಕರು. ಒಳ್ಳೇ ಕಿಲಾಡಿ ಕಣೋ ನೀನು, ನಾನು ಊರೆಲ್ಲ ನಿನ್ನ ಗುಣಗಾನ ಮಾಡಿಕೊಂಡು ಓಡಾಡುತ್ತಿದ್ದೆ ಎಂದರು. ಆಮೇಲೆ ಅವರಿಗೂ ಸ್ವಲ್ಪ ಇರುಸುಮುರುಸಾಗಿರಬೇಕು. ನಗು ನಿಲ್ಲಿಸಿ ಸಮಾಧಾನ ಹೇಳತೊಡಗಿದರು. ಕೊನೆಯದು ಅಂದರೆ ಕೊನೆಯದು ಅಷ್ಟೇ, ಅವರ ಕೆಲಸ ಮುಗಿದಿರಬಹುದು, ಬೇಜಾರಾಗಿರಬಹುದು, ಜನ ಬರುತ್ತಾರೆ ಹೋಗುತ್ತಾರೆ. ನೀನು ಸುಮ್ಮನೆ ಇಲ್ಲದ್ದನ್ನು ತಲೆಗೆ ಹಚ್ಚಿಕೊಳ್ಳಬೇಡ. "ಇದ್ದರೆ ಇರ್ತಾರೆ, ಏನಾದರೂ ಆಗಿದ್ರೆ ಆಗೇ ಹೋಗಿರುತ್ತೆ. ಈಗ ನೀನು ಕೈ ಹಾಕಿ ಏನು ಮಾಡ್ತೀಯ, ಹೇಳು?" ಸಮಾಧಾನಕ್ಕೆಂದೇ ಹೇಳಿದ ಆ ಮಾತು ಅವನನ್ನು ಇನ್ನಷ್ಟು ಹೆದರಿಸಿತು. ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಪಕ್ಕಕ್ಕಿಟ್ಟ.

ಫೋನು ಇಟ್ಟವನೇ ಯಂತ್ರವನ್ನು ನಿಲ್ಲಿಸಿದ. ನಿಂತಿತು ಎಂದು ಪರದೆ ತೋರಿಸಿದಾಗ, ಕೊಳಕು ಕೈ ತೊಳೆದುಕೊಂಡಷ್ಟು ಹಗುರವೆನಿಸಿ, ಇನ್ನು ಮುಂದೆ ಹೋಗುವ ಮಾತು ನನ್ನದೇ ಎಂದುಕೊಂಡ. ಆದರೆ ಆ ಮಾತು ಎಲ್ಲಿ? ಅಳಿಲಿನ ಕೊನೆಯ ಚೌಕದ ಕೆಳಗೆ ಬರೆಯಲು ಕೂತರೆ, ನಿಮ್ಮ ಕೊಡುಗೆ ನಮಗೆ ಅಮೂಲ್ಯ ಎಂದು ಬರೆಯಿತು ಕೈ. ಅಳಿಸಿದ. ನಿಮ್ಮಂಥವರಿಂದಲೇ ಹಲಗೆ ಉಳಿದಿದೆ ಎಂದಿತು. ಅದೂ ಯಂತ್ರದ ಮಾತು. ಯಂತ್ರದ ಮಾತೆಲ್ಲ ಅವನದೇ ಆಗಿದ್ದು, ಅವನ ಹತ್ತಿರ ಇನ್ನೊಂದು ಇರಲಿಲ್ಲ. ನೀವು ಜೀವಂತ ಇದ್ದೀರಾ ಎಂದು ಬರೆದು, ಎಲ್ಲರೂ ಓದುವ ಜಾಗ ಅದು ಎಂದು ನೆನಪಾಗಿ ಅಳಿಸಿದ. ಊಟ ಮುಗಿದ ಗಂಟೆ ಹೊಡೆಯಿತು. ಕಡೆಗೆ ತನ್ನ ಫೋನ್ ನಂಬರು ಬರೆದು, ಅಳಿಲು ಅವರೇ, ಇದನ್ನು ನೋಡಿದರೆ ದಯವಿಟ್ಟು ಫೋನು ಮಾಡಿ, ನನಗೆ ಬಹಳ ಭಯವಾಗಿದೆ ಎಂದು ಹಾಕಿ, ಮತ್ತೆ ಓದಲು ಧೈರ್ಯ ಸಾಲದೆ ಫೋನನ್ನು ಜೇಬಿಗೆ ಸೇರಿಸಿದ.

ಮಧ್ಯಾಹ್ನವಿಡೀ ತೊಡೆಯ ಮೇಲೆ ಫೋನು ನಡುಗಿದಂತಾಗುತ್ತಿತ್ತು, ತೆಗೆದರೆ ಯಾವ ಕರೆಯೂ ಇರುತ್ತಿರಲಿಲ್ಲ. ಅವಳ ಮನೆಯನ್ನು ಅವನು ಕಟ್ಟುತ್ತ ಹೋದ. ಮಂಚ ತನ್ನ ಅಮ್ಮನದೇ, ಕಂಬಿಯಿರುವ ಕಬ್ಬಿಣದ ಮಂಚ. ಬಕೆಟ್ಟು, ಒದ್ದೆ ಬಟ್ಟೆ, ಮಾತ್ರೆಯ ಹಾಳೆಗಳು. ಪೆಟ್ಟಿಗೆಯಿಂದ ತೆಗೆದು ಯಾರೂ ಓದದೆ ಎಸೆದ, ತಾನೇ ಸಹಿ ಹಾಕಿದ ತೆಳ್ಳಗಿನ ಕಾಗದ. ನಿನ್ನೆ ಅವಳು ಸಾಕು ಎಂದು ಸ್ವರ ತುಂಬಿ ಕಳಿಸಿದ್ದಾಳೆ. ಕಾದಿದ್ದಾಳೆ. ಎಷ್ಟು ಹೊತ್ತು ಕಾಯಬೇಕೆಂದು ಯಂತ್ರಕ್ಕೆ ಹೇಳಿಕೊಟ್ಟವನು ತಾನೇ. ಊಟ ಮುಗಿಸಿ ಬಂದವನ ಹಾಗೆ ಯಂತ್ರ ಬಂದು, ಸಂತೋಷವಾಯಿತು ಎಂದಿದೆ. ಅದರ ಮುಂದೆ ಅವನಿಗೆ ಕಾಣಲಿಲ್ಲ, ಕಾಣುವುದಕ್ಕೆ ಮೊದಲೇ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದ. ಬಾಗಿಲಲ್ಲಿ ಸಿಕ್ಕ ಸೂಪರ್‌ವೈಸರ್, ಮನೆಗೆ ಹೋಗಿ ಮಲಗ್ರೀ, ನಿಮ್ಮ ಮುಖ ನೋಡಿದರೆ ನಮಗೇ ಜ್ವರ ಬರುತ್ತೆ ಎಂದ.

ಬಿಸಿಲು ಇಳಿಯುವ ಮೊದಲೇ ಮನೆಗೆ ಬಂದವನನ್ನು ನೋಡಿ ಹೆಂಡತಿ ಹಣೆ ಮುಟ್ಟಿದಳು. ಅವಳಿಗೆ ಎಲ್ಲ ಹೇಳಿದ. ಅವಳು ನಗಲಿಲ್ಲ. ಹೋದ ವರ್ಷ ನಾನು ಅತ್ತೆಯನ್ನು ನೋಡಿಕೊಂಡು ಸುಸ್ತಾಗಿ ತವರಿಗೆ ಹೋಗಿದ್ದಾಗ, ನಿನ್ನಿಂದಲೇ ಈ ಮನೆ ನಡೆಯುತ್ತಿದೆ ಎಂದು ಮೆಸೇಜು ಕಳಿಸಿದ್ದಿರಲ್ಲ, ಅದು ಯಾರು ಬರೆದದ್ದು ಎಂದು ಕೇಳಿದಳು. ನಾನೇ ಎಂದ. ನಿಜವಾಗಿ ಅವನೇ ಬರೆದಿದ್ದ. ಅವಳು ಸರಿ ಎಂದು ಒಣಗಿದ ಬಟ್ಟೆ ತರಲು ಹೋದಳು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ಹಿಂದೆ ಹೋಗಿ ಕೇಳುವ ಧೈರ್ಯವೂ ಆಗಲಿಲ್ಲ. ಆಗಲೇ ಫೋನು ಬಂದದ್ದು. ಗುರುತಿಲ್ಲದ ನಂಬರು. ಅವಳ ಅಣ್ಣನೋ, ಠಾಣೆಯವರೋ, ನೀವೇನಾ ಸಂತೋಷ ಪಟ್ಟವರು ಎಂದು ಕೇಳುವ ಇನ್ಯಾರೋ. ಒಂದು ಸಲ ಪೂರ್ತಿ ಬಡಿದು ನಿಂತಿತು. ನಿಂತದ್ದು ಇನ್ನೂ ಭಯಂಕರವಾಗಿತ್ತು. ಎರಡನೆಯ ಸಲ ಬಡಿದಾಗ ಎತ್ತಿದ.

"ಹಲಗೆಯವರಾ?" ಎಂದಿತು ಆ ಸ್ವರ, ಮತ್ತು ಅವನ ಕಾಲುಗಳು ತಾವಾಗಿಯೇ ಅಡುಗೆಮನೆಯ ಕಡೆ ಎರಡು ಹೆಜ್ಜೆ ಹೋದವು, ನೀರು ತರಲು. ತಿಂಗಳುಗಟ್ಟಲೆ ಈ ಸ್ವರ ಕೇಳಿದಾಗೆಲ್ಲ ಅವನು ಮಾಡಿದ್ದು ಅದೇ. ಹೌದು ಎಂದ. ಹೌದು ಎಂದದ್ದು ಕೇಳಿಸದಿರಬಹುದೆಂದು ಇನ್ನೊಮ್ಮೆ ಎಂದ. ನಾನು ಅಳಿಲು ಎಂದು ಆಕೆ ಸಂಕೋಚದಿಂದ ಹೇಳಿಕೊಂಡರು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಿರಬೇಕು. ಅವನು ಅಂದುಕೊಂಡಿದ್ದಕ್ಕಿಂತ ವಯಸ್ಸಾದವರು. ಮನೆಯವರು ಹೋದ ವಾರ ತೀರಿಕೊಂಡರಂತೆ, ನಿದ್ದೆಯಲ್ಲೇ, ಏನೂ ಕಷ್ಟಪಡಲಿಲ್ಲವಂತೆ. ಕಡೆಯ ದಿನ ಅನ್ನ ಬೇಡ ಎಂದು ಅಂಗೈ ಎತ್ತಿ ತೋರಿಸಿದ್ದರಂತೆ, ಅದೊಂದು ಚೌಕ ಬಾಕಿ ಉಳಿಯಬಾರದು ಅಂತ ಮಾಡಿ ಕಳಿಸಿದ್ದಂತೆ. ಅವನು ಕುರ್ಚಿ ಹುಡುಕಿ ಕೂತ. ನನಗೂ ಸಾಕು ಅಂತ ಬರೆದಿದ್ದಿರಿ, ನೀವೇನಾದರೂ ಮಾಡಿಕೊಂಡಿರಬಹುದು ಅಂತ ಹೆದರಿದೆ ಎಂದು ಹೇಳಿಯೇಬಿಟ್ಟ. ಆ ಕಡೆ ಪಾತ್ರೆಯ ಸದ್ದು ಕೇಳಿಸಿತು.

"ಅಂದ್ಕೊಂಡಿರಲಿಲ್ಲ ಅಂತ ಹೇಳಲ್ಲ," ಎಂದರು ಆಕೆ. "ಈಗ ತಂಗಿ ಬಂದಿದ್ದಾಳೆ. ಅಡುಗೆಮನೇಲಿದಾಳೆ, ಕೇಳಿಸ್ತಿದೆಯಲ್ಲ. ಎರಡು ದಿನ ಇರ್ತಾಳೆ."

ಅವನು ಹೇಳಬೇಕಾದದ್ದು ಇನ್ನೂ ಬಾಕಿಯಿತ್ತು. ಹೇಳದೆ ಇದ್ದುಬಿಡಬಹುದಿತ್ತು, ಆಕೆ ಏನೂ ಕೇಳಿರಲಿಲ್ಲ. ನಿಮಗೆ ಬರುತ್ತಿದ್ದ ಉತ್ತರ ನಾನು ಬರೆದದ್ದಲ್ಲ, ಯಂತ್ರ ಬರೆಯುತ್ತಿತ್ತು, ನೀವು ಬರೆದದ್ದನ್ನು ನಾನು ಇವತ್ತಿನವರೆಗೆ ಒಂದನ್ನೂ ಓದಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿ, ಏಟು ಬೀಳುವುದನ್ನು ಕಾಯುವ ಹಾಗೆ ಕಣ್ಣು ಮುಚ್ಚಿದ.

"ಗೊತ್ತಿತ್ತು," ಎಂದರು ಆಕೆ. "ಇವರೇ ಕಂಡುಹಿಡಿದ್ರು. ಚೌಕ ಒತ್ತಿ ಒತ್ತಿ ಹೇಳಿದ್ರು, ಮನುಷ್ಯ ಅಲ್ಲ, ಮನುಷ್ಯ ಅಲ್ಲ ಅಂತ. ಇಷ್ಟು ಒಳ್ಳೇ ಮಾತು ಯಾರು ದಿನಾ ಆಡ್ತಾರೆ. ಇಬ್ಬರೂ ನಕ್ಕಿದ್ವಿ." ಆಕೆಯೇ ಮುಂದುವರಿಸಿದರು. "ಆದರೂ ಬರ್ತಿತ್ತಲ್ಲ. ಮನೇಲಿ ಮಾತಾಡೋರು ಬೇರೆ ಯಾರಿದ್ರು? ಇವತ್ತು ಮಧ್ಯಾಹ್ನ ತಂಗಿ ಬರೋಕೆ ಮುಂಚೆ ಒಂದು ಕಳಿಸಿದೆ, ಕೊನೇದು ಅಂದಿದ್ರೂ. ಏನಾದರೂ ಬರುತ್ತೇನೋ ಅಂತ ಕಾದೆ. ನಿಮ್ಮ ನಂಬರು ಹಳೇದರ ಕೆಳಗಿತ್ತು, ಆಮೇಲೆ ಕಂಡಿದ್ದು. ಇದಕ್ಕೆ ಏನೂ ಬರಲಿಲ್ಲ. ಯಾಕೆ ಬರಲಿಲ್ಲ?"

ನಾನೇ ನಿಲ್ಲಿಸಿದೆ ಎಂದ. ಯಾಕೆ ಎಂದರು. ನಾಚಿಕೆಯಾಯಿತು ಎಂದ, ಹೆದರಿಕೆಯಾಯಿತು ಎಂದ. ಮೆಟ್ಟಿಲ ಮೇಲೆ ಕೂತು ತಾನು ಕೈ ತೊಳೆದುಕೊಂಡ ಹೊತ್ತಿನಲ್ಲಿ ಆಕೆ ಒಬ್ಬರೇ ಫೋನು ಹಿಡಿದು ಕೂತಿದ್ದರು. ಬೆಳಗಿನಿಂದ ಅವನು ಹೆದರಿದ್ದೆಲ್ಲ ನಡೆದುಹೋಗಬಹುದಾಗಿದ್ದ ಗಳಿಗೆ ಅದು, ಮತ್ತು ಅದರಲ್ಲಿ ಯಂತ್ರದ್ದೇನೂ ತಪ್ಪಿರಲಿಲ್ಲ. ಮಧ್ಯಾಹ್ನದ್ದು ಇನ್ನೂ ನೋಡಿಲ್ಲ, ಏನು ಕಳಿಸಿದ್ದಿರಿ ಎಂದು ಕೇಳಿದ. ದೊಡ್ಡದೇನಲ್ಲ, ಮನೆಯಲ್ಲಿ ಒಬ್ಬರೇ ಇರುವವರಿಗೆ ಇರಲಿ ಅಂತ, ಯಾರಾದರೂ ಇದ್ದೀರಾ ಎಂಬ ಒಂದು ಚೌಕ, ಚಿತ್ರ ಯಾವುದು ಹಾಕಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ ಎಂದರು. ಅವನಿಗೆ ಒಂದು ಒಳ್ಳೆಯ ಮಾತೂ ಹೊಳೆಯಲಿಲ್ಲ. ಚಿತ್ರವಿಲ್ಲದ ಚೌಕವನ್ನು ಒಪ್ಪಲು ಬರುವುದಿಲ್ಲ ಎಂಬುದೊಂದೇ ಹೊಳೆಯಿತು, ಅದನ್ನೇ ಹೇಳಿದ. "ನಾಳೆ ಒಂದು ಚಿತ್ರ ಹುಡುಕಿ ಕಳಿಸ್ತೀರಾ?"

"ನಾಳೆ ಓದೋರು ಯಾರು?"

"ನಾನು."

"ನಾಡಿದ್ದು?" ಎಂದರು ಆಕೆ. "ತಂಗಿ ನಾಡಿದ್ದು ಹೊರಟುಬಿಡ್ತಾಳೆ."

ನಾಡಿದ್ದೂ ನಾನೇ ಎಂದ. ಆ ಕಡೆ ಉಸಿರು ಕೇಳಿಸುತ್ತಿದ್ದುದರಿಂದ ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದ. ಸರಿ, ನೋಡೋಣ ಎಂದು ಆಕೆ ಇಟ್ಟರು. ಹೆಂಡತಿ ಬಟ್ಟೆಯ ರಾಶಿಯೊಂದಿಗೆ ಒಳಗೆ ಬಂದು ಏನಾಯಿತು, ಇದ್ದಾರಾ ಎಂದು ಕೇಳಿದಳು. ಇದ್ದಾರೆ ಎಂದ. ಬೆಳಗಿನಿಂದ ಅವನನ್ನು ಹಿಡಿದಿದ್ದದ್ದು ಆಗಿಹೋಗಿರಬಹುದಾದ ಒಂದು ವಿಷಯದ ಹೆದರಿಕೆ. ಅದಕ್ಕೆ ಒಂದು ಕೊನೆಯಿತ್ತು. ಈಗಿನದಕ್ಕೆ ಕೊನೆಯಿಲ್ಲ: ನಾಳೆ ಬೆಳಿಗ್ಗೆ ಏಳಬೇಕು, ಬಂದಿದೆಯೇ ಎಂದು ನೋಡಬೇಕು, ಬಂದಿದ್ದರೆ ಕೂತು ಓದಿ ತನ್ನದೇ ಒಂದು ಮಾತು ಬರೆಯಬೇಕು, ನಾಡಿದ್ದೂ ಬರೆಯಬೇಕು, ಒಂದು ದಿನ ತಪ್ಪಿದರೂ ಆ ದಿನ ಆಕೆ ಒಬ್ಬರೇ ಇರುತ್ತಾರೆ.